ಹಸಿಕಸದ ಡಬ್ಬಕ್ಕೆ ಹುಳ ಬಿದ್ದಾಗ: ಕಾರಣ ಹುಡುಕುವ ಕ್ರಮ

ಹಸಿಕಸದ ಡಬ್ಬಕ್ಕೆ ಹುಳ ಬಿದ್ದರೆ ಬಹಳಷ್ಟು ಮನೆಗಳಲ್ಲಿ ಮೊದಲು ಹೊರಗೆ ಬರುವುದು ಜಿರಲೆ ಸ್ಪ್ರೇ, ಇಲ್ಲವೇ ಫಿನಾಯಿಲ್ ಬಾಟಲಿ. ಎರಡು ದಿನ ನೆಮ್ಮದಿ. ಆಮೇಲೆ ಹುಳ ಮತ್ತೆ ಹಾಜರು. ಕೊನೆಗೆ ಮನೆಯಲ್ಲಿ ಯಾರಾದರೊಬ್ಬರು "ಈ ಗೊಬ್ಬರದ ಸಹವಾಸವೇ ಬೇಡ" ಅನ್ನುತ್ತಾರೆ, ಡಬ್ಬ ಟೆರೇಸಿನ ಮೂಲೆ ಸೇರುತ್ತದೆ. ಹೀಗೆ ನಿಂತುಹೋದ ಡಬ್ಬಗಳಲ್ಲಿ ಹೆಚ್ಚಿನವನ್ನು ಒಂದು ವಾರದೊಳಗೆ ಸರಿಪಡಿಸಬಹುದಿತ್ತು. ಡಬ್ಬಕ್ಕೆ ಬರುವ ಪ್ರತಿ ಜೀವಿಯೂ ಅಲ್ಲಿನ ಒಂದು ನಿರ್ದಿಷ್ಟ ಕೊರತೆ ನೋಡಿಕೊಂಡೇ ಬಂದಿರುತ್ತದೆ. ಇರುವೆ ಸೇರಿದ್ದರೆ ಒಳಗೆ ಒಣಗಿದೆ. ಬಿಳಿ ಮರಿಹುಳು ಹರಿದಾಡುತ್ತಿದ್ದರೆ ಹಸಿ ಜಾಸ್ತಿ, ಮೇಲೆ ಮುಚ್ಚಿಲ್ಲ. ಹೆಗ್ಗಣ ಬಂದಿದ್ದರೆ ಅದು ನುಗ್ಗುವಷ್ಟು ದಾರಿ ಎಲ್ಲೋ ಇದೆ. ಬಂದದ್ದು ಯಾವುದು ಎಂದು ಗುರುತು ಹಿಡಿದರೆ ಏನು ಸರಿಪಡಿಸಬೇಕು ಎಂಬುದೂ ತಿಳಿಯುತ್ತದೆ. ಔಷಧಿ ಹೊಡೆದರೆ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಕೊಳೆಯುವುದು ನಿಧಾನವಾಗುತ್ತದೆ, ಮತ್ತಷ್ಟು ಹುಳ ಬರಲು ಸಮಯ ಸಿಗುತ್ತದೆ.

ಇಲ್ಲಿ ಬರೆಯುತ್ತಿರುವುದು ಬೆಂಗಳೂರಿನಂಥ ಊರಿನ ಮನೆ, ಅಪಾರ್ಟ್‌ಮೆಂಟುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ನಗರಕ್ಕೆ ಕಡ್ಡಾಯ ಮಾಡಿದ ಮೇಲೆ ಹಸಿಕಸಕ್ಕೆ ಹಸಿರು ಡಬ್ಬ, ಡೈಪರ್, ಪ್ಯಾಡ್‌ನಂಥವಕ್ಕೆ ಕೆಂಪು ಡಬ್ಬ, ಒಣಕಸಕ್ಕೆ ಚೀಲ ಎಂಬ ಲೆಕ್ಕ ಮನೆಮನೆಗೆ ಬಂತು. ಹಸಿಕಸವನ್ನು ಮನೆಬಾಗಿಲಿಗೆ ಬರುವ ಕಸದ ಆಟೋಗೆ ಕೊಡುವವರ ಮನೆಯಲ್ಲಿ ಈ ಹಸಿರು ಡಬ್ಬ ಮಾತ್ರ ಇರುತ್ತದೆ. ಮನೆಯಲ್ಲೇ ಗೊಬ್ಬರ ಮಾಡುವವರ ಬಳಿ ಅದರ ಜೊತೆಗೆ ಬಾಲ್ಕನಿಯಲ್ಲೋ ಟೆರೇಸಿನಲ್ಲೋ ತೂತು ಕೊರೆದ ಡ್ರಮ್ಮು, ಬಕೆಟ್ಟು ಅಥವಾ ಮಣ್ಣಿನ ಕಂಬ (ಒಂದರ ಮೇಲೊಂದು ಜೋಡಿಸುವ ಗೊಬ್ಬರದ ಮಡಕೆಗಳು) ಇರುತ್ತದೆ. ಎರಡರ ತೊಂದರೆಗಳೂ ಬೇರೆ ಬೇರೆ, ಪರಿಹಾರಗಳೂ ಬೇರೆ.

ಡಬ್ಬದ್ದೇ ತಪ್ಪೇ? ಮೊದಲು ಇದನ್ನು ನೋಡಿ

ಅಡುಗೆಮನೆಯಲ್ಲಿ ಹಾರಾಡುವ ಸಣ್ಣ ನೊಣಗಳೆಲ್ಲ ಕಸದಿಂದಲೇ ಬಂದವು ಎಂದುಕೊಳ್ಳುವುದು ಸಹಜ. ಮೂರು ಬೇರೆ ಬೇರೆ ಕೀಟಗಳು ಈ ಒಂದೇ ಆರೋಪದಲ್ಲಿ ಸಿಕ್ಕಿಬೀಳುತ್ತವೆ. ಕಂದು ಮೈ, ಹತ್ತಿರದಿಂದ ನೋಡಿದರೆ ಕೆಂಪು ಕಣ್ಣು, ಬಾಳೆಹಣ್ಣಿನ ಬುಟ್ಟಿಯ ಮೇಲೆ ಸುಳಿದಾಡುವುದು ಹಣ್ಣಿನ ನೊಣ. ಕಪ್ಪಗೆ, ತೆಳ್ಳಗೆ, ಉದ್ದ ಕಾಲಿನದು, ಕಿಟಕಿ ಗಾಜಿನ ಮೇಲೂ ಕುಂಡದ ಮಣ್ಣಿನ ಮೇಲೂ ಕಾಣುವುದು ಮಣ್ಣಿನ ಗುಂಗುರು. ಅದರ ಮೂಲ ಅತಿಯಾಗಿ ನೀರು ಹಾಕಿದ ಕುಂಡ. ಇನ್ನೊಂದು, ರೆಕ್ಕೆಯ ಮೇಲೆ ರೋಮ ಇರುವ ಬೂದು ಬಣ್ಣದ ಪುಟ್ಟ ಪತಂಗದಂಥದ್ದು. ಬಚ್ಚಲ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಹೊಡೆದರೆ ಪುಡಿಯಾಗುತ್ತದೆ. ಅದು ಮೋರಿಯ ನೊಣ, ಪೈಪಿನ ಒಳಗೆ ಕಟ್ಟಿದ ಲೋಳೆಯಲ್ಲಿ ಮರಿ ಮಾಡುತ್ತದೆ. ಡಬ್ಬವನ್ನು ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಅನುಮಾನ ಇದ್ದರೆ ರಾತ್ರಿ ಮಲಗುವ ಮುಂಚೆ ಸಿಂಕಿನ ಮತ್ತು ಬಚ್ಚಲ ಮೋರಿಯ ಜಾಲರಿಯ ಮೇಲೆ ಅಗಲವಾದ ಟೇಪನ್ನು ಅಂಟು ಕೆಳಗೆ ಬರುವಂತೆ, ಗಾಳಿಯಾಡಲು ಸ್ವಲ್ಪ ಸಂದಿ ಬಿಟ್ಟು ಹಚ್ಚಿ. ಬೆಳಗ್ಗೆ ಟೇಪಿಗೆ ನೊಣ ಅಂಟಿದ್ದರೆ ದೋಷ ಮೋರಿಯದು. ಉದ್ದ ಬ್ರಷ್ಷಿನಿಂದ ಒಳಗಿನ ಲೋಳೆ ಉಜ್ಜಿ ತೆಗೆದು ಬಿಸಿನೀರು ಹಾಕಿ. ಕೆಲವು ರಾತ್ರಿ ಹೀಗೆ ನೋಡಿಯೂ ಟೇಪು ಖಾಲಿಯಿದ್ದರೆ ಆಗ ಡಬ್ಬದ ಕಡೆ ತಿರುಗಿ.

ಅಡುಗೆಮನೆಯ ಹಸಿರು ಡಬ್ಬ

ಇಲ್ಲಿ ಬರುವ ಮುಖ್ಯ ತೊಂದರೆ ಎರಡು: ಹಣ್ಣಿನ ನೊಣ, ಮನೆನೊಣದ ಮರಿಹುಳು.

ಹಣ್ಣಿನ ನೊಣ ಹೆಚ್ಚಾಗಿ ಕಿಟಕಿಯಿಂದ ಬಂದು ಸೇರಿಕೊಳ್ಳುವುದಲ್ಲ, ಹಣ್ಣಿನ ಜೊತೆಗೇ ಮನೆಗೆ ಬರುತ್ತದೆ. ಕಳಿತ ಬಾಳೆಹಣ್ಣು, ಗಾಯವಾದ ಮಾವು, ಬಿರಿದ ಟೊಮೆಟೊ ಇವುಗಳ ಸಿಪ್ಪೆಯ ಮೇಲೆ ಮಂಡಿಯಲ್ಲೇ ಮೊಟ್ಟೆ ಬಿದ್ದಿರುತ್ತದೆ. ಬೆಂಗಳೂರಿನ ಸಾಮಾನ್ಯ ಸೆಕೆಗೆ ಮೊಟ್ಟೆಯಿಂದ ಹಾರುವ ನೊಣ ಆಗಲು ಹತ್ತು ದಿನ ಸಾಕು. ಒಂದು ಹೆಣ್ಣು ನೊಣ ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಮಾವಿನ ಕಾಲದಲ್ಲಿ ತೊಂದರೆ ಒಮ್ಮೆಗೇ ಏರಿದಂತೆ ಕಾಣುತ್ತದೆ. ಮಾಡಬೇಕಾದ್ದು ಇಷ್ಟು: ಹಣ್ಣು ತಂದ ಕೂಡಲೇ ತೊಳೆದು ಒರೆಸಿ ಇಡಿ, ಪೂರ್ತಿ ಕಳಿತದ್ದನ್ನು ಫ್ರಿಜ್ಜಿಗೆ ಹಾಕಿ. ಮಾವಿನ ಸಿಪ್ಪೆ, ಓಟೆ, ಹಲಸಿನ ತೊಳೆ ಬಿಡಿಸಿದ ಮೇಲಿನ ಕಸ ಇವನ್ನು ತೆರೆದ ಡಬ್ಬಕ್ಕೆ ಹಾಕಿ ಇಡೀ ದಿನ ಬಿಡಬೇಡಿ. ಹಳೆಯ ಪೇಪರಿನಲ್ಲಿ ಸುತ್ತಿ ಹಾಕಿ. ಈಗಾಗಲೇ ಹಾರಾಡುತ್ತಿರುವವಕ್ಕೆ ಒಂದು ಲೋಟದಲ್ಲಿ ವಿನೆಗರ್, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಡಬ್ಬದ ಪಕ್ಕ ಇಡಿ. ಸೋಪಿನ ಹನಿ ಇಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು ಮತ್ತೆ ಹಾರಿಹೋಗುತ್ತದೆ, ಇದ್ದರೆ ಮುಳುಗುತ್ತದೆ. ಈ ಬೋನಿನಿಂದ ಹಾರುವ ನೊಣ ಮಾತ್ರ ಕಡಿಮೆಯಾಗುತ್ತದೆ. ಮೊಟ್ಟೆ ಇಡುವ ಜಾಗವನ್ನು ಸರಿಮಾಡದೆ ಲೋಟವನ್ನೇ ನಂಬಿ ಕೂತರೆ ತಿಂಗಳುಗಟ್ಟಲೆ ಲೋಟ ಬದಲಾಯಿಸುತ್ತಲೇ ಇರಬೇಕಾಗುತ್ತದೆ.

ಮನೆನೊಣದ ಲೆಕ್ಕ ಇನ್ನೂ ಚುರುಕು. ಹಸಿಕಸದ ಮೇಲೆ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ಬಿಳಿ, ನುಣುಪಾದ, ಒಂದು ತುದಿ ಚೂಪಾದ ಮರಿಹುಳು ಸೆಕೆಗಾಲದಲ್ಲಿ ಒಂದು ವಾರದೊಳಗೆ ಬೆಳೆದು ಡಬ್ಬ ಬಿಟ್ಟು ಒಣ ಜಾಗ ಹುಡುಕಿಕೊಂಡು ಹೊರಡುತ್ತದೆ. ಡಬ್ಬದ ಅಡಿ, ಸಿಲಿಂಡರ್ ಹಿಂದೆ, ಗೋಡೆಯ ಮೂಲೆಯಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ಸಣ್ಣ ಕಾಳಿನಂಥವು ಬಿದ್ದಿದ್ದರೆ ಅವು ನೊಣದ ಕೋಶಗಳು. ಅಂಥವು ಕಂಡರೆ ನಿಮ್ಮ ಡಬ್ಬದ ಯಾವುದೋ ಭಾಗ ವಾರದಿಂದ ಖಾಲಿಯಾಗಿಲ್ಲ ಎಂದು ಖಚಿತವಾಗಿ ಹೇಳಬಹುದು. "ದಿನಾ ಆಟೋಗೆ ಕೊಡುತ್ತೇವಲ್ಲ" ಎನ್ನುವವರು ಡಬ್ಬದ ತಳ ನೋಡಬೇಕು. ತಳಕ್ಕೆ ಅಂಟಿದ ಅನ್ನ, ಸಾರಿನ ಗಸಿ, ಮುಚ್ಚಳದ ಅಂಚಿನ ಒಳಮಡಿಕೆಯಲ್ಲಿ ಸಿಕ್ಕಿದ ಸೊಪ್ಪಿನ ಚೂರು, ಇಷ್ಟು ಒಂದು ಪೀಳಿಗೆಗೆ ಸಾಕು.

ಆದ್ದರಿಂದ ಪರಿಹಾರ ಆ ವಾರದ ಚಕ್ರವನ್ನು ನಡುವೆ ಕತ್ತರಿಸುವುದರಲ್ಲಿದೆ. ಹಸಿಕಸ ದಿನಾ ಹೋಗಬೇಕು. ಎರಡು ಮೂರು ದಿನಕ್ಕೊಮ್ಮೆ ಡಬ್ಬ ಸೋಪು ಹಾಕಿ ಉಜ್ಜಿ, ಮುಚ್ಚಳದ ಅಂಚು ಸೇರಿದಂತೆ ತೊಳೆದು, ಬಿಸಿಲಲ್ಲಿ ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಒದ್ದೆ ಡಬ್ಬಕ್ಕೆ ಕಸ ಹಾಕಿದರೆ ತೊಳೆದ ಶ್ರಮ ಅರ್ಧ ವ್ಯರ್ಥ. ತಳಕ್ಕೆ ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ಪೇಪರನ್ನು ಮಡಚಿ ಹಾಸಿ. ನೀರು ಹೀರಿಕೊಳ್ಳುತ್ತದೆ, ಕಸದ ಜೊತೆಗೇ ಕೊಳೆಯುತ್ತದೆ. ಕಸವನ್ನು ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ ಕೊಟ್ಟರೆ ಆ ಗಂಟನ್ನು ಪೌರಕಾರ್ಮಿಕರು ಕೈಯಿಂದ ಹರಿಯಬೇಕಾಗುತ್ತದೆ. ನಮ್ಮ ಡಬ್ಬದ ಹುಳದ ಬಗ್ಗೆ ನಮಗೆ ಅಷ್ಟು ಹೇಸಿಗೆ ಆಗುವಾಗ, ನೂರು ಮನೆಯ ಹುಳ ಮುಟ್ಟುವವರ ಬಗ್ಗೆ ಇಷ್ಟಾದರೂ ಯೋಚಿಸುವುದು ನ್ಯಾಯ.

ನೀರಿನ ಅಂಶವನ್ನು ಡಬ್ಬಕ್ಕೆ ಬೀಳುವ ಮುಂಚೆಯೇ ತಡೆಯಿರಿ. ತರಕಾರಿ ತೊಳೆದು ಹೆಚ್ಚುವ ಬದಲು ಹೆಚ್ಚಿ ತೊಳೆದರೆ ಸಿಪ್ಪೆಯೆಲ್ಲ ನೆನೆದುಹೋಗುತ್ತದೆ. ಉಳಿದ ಸಾರು, ಮಜ್ಜಿಗೆಯನ್ನು ಡಬ್ಬಕ್ಕೆ ಸುರಿಯುವ ಅಭ್ಯಾಸ ಬಿಡಿ. ಸಿಂಕಿನ ಜಾಲರಿಯಲ್ಲಿ ನಿಂತದ್ದನ್ನು ಹಿಂಡಿ ಹಾಕಿ.

ಗೊಬ್ಬರದ ಡಬ್ಬದಲ್ಲಿ ಮರಿಹುಳು

ಇಲ್ಲಿ ಮೊದಲು ಕೈಗವಸು ಹಾಕಿ ಡಬ್ಬದ ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ತೇವ ಸರಿಯಾಗಿದೆ. ಧಾರೆಯಾಗಿ ಇಳಿದರೆ ಅತಿ ಹಸಿ. ಮುದ್ದೆ ನಿಲ್ಲದೆ ಉದುರಿದರೆ ಒಣಗಿದೆ. ಆಮೇಲೆ ಮೂಸಿ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ನಿಶ್ಚಿಂತೆ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿ ಇಲ್ಲ. ಮೂಗಿಗೆ ಹೊಡೆಯುವ, ಮೂತ್ರದಂಥ ಘಾಟು ಬಂದರೆ ಹಸಿಯ ಪ್ರಮಾಣಕ್ಕೆ ಒಣದ್ದು ಸಾಲದು. ಹುಳಿ ವಾಸನೆ ಬಂದರೆ ಹಣ್ಣು, ಅನ್ನ ಗಟ್ಟಿಯಾಗಿ ಕೂತು ಹುದುಗುತ್ತಿದೆ. ಈ ಎರಡು ಪರೀಕ್ಷೆ ಮುಗಿಯುವಷ್ಟರಲ್ಲಿ ಕಾರಣ ಹೆಚ್ಚೂಕಡಿಮೆ ಸಿಕ್ಕಿರುತ್ತದೆ.

ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಸುಮಾರು 25ರಿಂದ 30ಕ್ಕೆ 1ರ ಪ್ರಮಾಣದಲ್ಲಿ ಬೇಕು, ತೇವ ನೂರಕ್ಕೆ 50ರಿಂದ 60. ತರಕಾರಿ ಸಿಪ್ಪೆಯಲ್ಲಿ ಸಾರಜನಕವೂ ನೀರೂ ಜಾಸ್ತಿ. ಅದನ್ನು ಸರಿದೂಗಿಸುವುದು ತರಗೆಲೆ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮರದ ಹೊಟ್ಟು, ಹರಿದ ಮೊಟ್ಟೆ ಟ್ರೇ. ಮನೆ ಲೆಕ್ಕಕ್ಕೆ ಒಂದು ಬಟ್ಟಲು ಹಸಿಗೆ ಕನಿಷ್ಠ ಒಂದು ಬಟ್ಟಲು ಪುಡಿ ಮಾಡಿದ ತರಗೆಲೆ ಎಂದು ಇಟ್ಟುಕೊಳ್ಳಿ. ಡಬ್ಬ ಕೆಟ್ಟಿತು ಎನ್ನುವವರ ಮನೆಯಲ್ಲಿ ಹತ್ತಿರದಲ್ಲಿ ಒಣ ಎಲೆಯ ಚೀಲ ಇದೆಯೇ ಎಂದು ಮೊದಲು ನೋಡಬೇಕು. ಹೆಚ್ಚಿನ ಕಡೆ ಅದು ಮುಗಿದು ವಾರ ಕಳೆದಿರುತ್ತದೆ, ಹಸಿ ಮಾತ್ರ ದಿನಾ ಬೀಳುತ್ತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ರಸ್ತೆಯ ಮರಗಳು ಎಲೆ ಉದುರಿಸುವಾಗ ಎರಡು ಮೂರು ಗೋಣಿಚೀಲ ತುಂಬಿಟ್ಟುಕೊಂಡರೆ ಮಳೆಗಾಲ ದಾಟಬಹುದು. ಆ ಎಲೆಗೆ ಬೆಂಕಿ ಹಾಕುವುದೂ ತಪ್ಪುತ್ತದೆ.

ಮರಿಹುಳು ತುಂಬಿದಾಗ ಸರಿಪಡಿಸುವ ಕ್ರಮ: ಮೂರು ದಿನ ಹೊಸ ಕಸ ನಿಲ್ಲಿಸಿ. ಡಬ್ಬದೊಳಗಿನದನ್ನು ತಳದವರೆಗೆ ಕೆದಕಿ ಬಿಡಿಸಿ, ತಳದಲ್ಲಿ ನೀರು ನಿಂತಿದ್ದರೆ ಬಸಿಯಲು ದಾರಿ ಮಾಡಿ. ಕೊಕೊಪೀಟ್ ಅಥವಾ ಎಲೆಪುಡಿ ಬೆರೆಸುತ್ತ ಹೋಗಿ, ಹಿಂಡಿದರೆ ಧಾರೆ ನಿಲ್ಲುವವರೆಗೆ. ಕೊನೆಗೆ ಮೇಲೆ ಎರಡು ಮೂರು ಬೆರಳು ದಪ್ಪ ಒಣ ಎಲೆ ಅಥವಾ ಹಳೆಯ ಗೊಬ್ಬರ ಮುಚ್ಚಿ. ಈ ಮೇಲಿನ ಪದರವೇ ಎಲ್ಲಕ್ಕಿಂತ ಮುಖ್ಯ. ನೊಣಕ್ಕೆ ಮೊಟ್ಟೆ ಇಡಲು ಹಸಿ ಕಾಣಬೇಕು, ಕಾಲಿಗೆ ಸಿಗಬೇಕು. ಸಿಗದಿದ್ದರೆ ಹಾರಿಹೋಗುತ್ತದೆ. ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಸಹಾಯ ಆಗುತ್ತದೆ, ಆದರೆ ಮುಚ್ಚದೆ ಬರೀ ಹಿಂಡಿ ಸುರಿದರೆ ಪ್ರಯೋಜನವಿಲ್ಲ. ಅದರಲ್ಲೂ ಸಾರಜನಕ ಇದೆ, ಅತಿಯಾದರೆ ಘಾಟು ಇನ್ನೂ ಏರುತ್ತದೆ. ಸುಣ್ಣ ಹಾಕುವ ಸಲಹೆಯನ್ನು ಹಲವರು ಕೊಡುತ್ತಾರೆ. ಹುಳ ಹೋಗಬಹುದು, ಆದರೆ ಗಿಡಕ್ಕೆ ಬೇಕಾದ ಸಾರಜನಕವೂ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಗಾಳಿಯ ತೂತುಗಳಿಗೆ ಒಳಗಿನಿಂದ ಸೊಳ್ಳೆ ಪರದೆಯ ಬಲೆ ಅಂಟಿಸಿ. ಮುಚ್ಚಳದ ಕೆಳಗೆ ಹಳೆಯ ಹತ್ತಿ ಬಟ್ಟೆಯೊಂದನ್ನು ಹಾಸಿದರೆ ಮುಚ್ಚಳದಿಂದ ಇಳಿಯುವ ಬೆವರು ನೀರನ್ನೂ ಅದು ಹೀರುತ್ತದೆ.

ಒಂದು ಹುಳವನ್ನು ಮಾತ್ರ ಬೇರೆಯಾಗಿ ನೋಡಬೇಕು. ಚಪ್ಪಟೆ, ಗಟ್ಟಿ ಮೈ, ಸ್ಪಷ್ಟ ಗೆರೆಗೆರೆಯ ಭಾಗಗಳು, ಸುಮಾರು 2 ಸೆಂಟಿಮೀಟರ್ ಉದ್ದ, ಮೊದಲು ಕೆನೆ ಬಣ್ಣ, ಬಲಿತ ಮೇಲೆ ಕಪ್ಪು. ಇದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ದೊಡ್ಡ ನೊಣ ಕಣಜದಂತೆ ಕಪ್ಪಗಿದ್ದರೂ ಕಚ್ಚುವುದಿಲ್ಲ, ಕುಟುಕುವುದಿಲ್ಲ, ನಮ್ಮ ಊಟದ ಮೇಲೆ ಬಂದು ಕೂರುವುದೂ ಇಲ್ಲ. ಮರಿಗಳು ಕಸವನ್ನು ಭಾರಿ ವೇಗದಲ್ಲಿ ತಿಂದು ಮುಗಿಸುತ್ತವೆ, ಅವು ಇದ್ದಲ್ಲಿ ಮನೆನೊಣ ಮೊಟ್ಟೆ ಇಡುವುದು ಕಡಿಮೆ. ಹಾಗಾಗಿ ಇವನ್ನು ಕೊಲ್ಲಬೇಕಾಗಿಲ್ಲ. ಕಪ್ಪಾದ ಮರಿಗಳು ಡಬ್ಬ ಹತ್ತಿ ಹೊರಗೆ ಹರಿಯುವುದು ಮನೆಯವರಿಗೆ ಹಿಡಿಸದಿದ್ದರೆ ಮೇಲೆ ಹೇಳಿದಂತೆ ಒಣದ್ದು ಹೆಚ್ಚಿಸಿ, ಮುಚ್ಚಿ. ಸಂಖ್ಯೆ ತಾನಾಗಿ ಇಳಿಯುತ್ತದೆ. ಇದರ ಮೊಟ್ಟೆ ಕಸದ ಮೇಲಿರುವುದಿಲ್ಲ, ಮುಚ್ಚಳದ ಅಂಚಿನ ಒಣ ಸಂದಿಗಳಲ್ಲಿ ಕೆನೆ ಬಣ್ಣದ ಗುಂಪಾಗಿ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು.

ಬಿಳಿ ಬೂಷ್ಟು, ದಾರದಂಥ ಪುಟ್ಟ ಬಿಳಿ ಹುಳುಗಳು, ಸಾಸಿವೆ ಗಾತ್ರವೂ ಇಲ್ಲದ ಕಂದು ನುಸಿ, ಸಹಸ್ರಪದಿ ಇವ್ಯಾವುವೂ ದೋಷವಲ್ಲ. ದಾರದ ಹುಳು ತೀರಾ ಹೆಚ್ಚಾದರೆ ತೇವ ಸ್ವಲ್ಪ ಇಳಿಸಿ, ಅಷ್ಟೆ.

ಇರುವೆ, ಜಿರಲೆ

ಇರುವೆಗೆ ಮದ್ದು ನೀರು. ಒಣಗಿದ ಡಬ್ಬದಲ್ಲಿ ಅವು ಗೂಡು ಕಟ್ಟುತ್ತವೆ. ನೀರು ಚಿಮುಕಿಸಿ, ತಳದವರೆಗೆ ಕೆದಕಿ, ಎರಡು ದಿನ ಹಾಗೇ ಮಾಡಿ. ಡಬ್ಬವನ್ನು ಕಾಲಿರುವ ಸ್ಟ್ಯಾಂಡಿನ ಮೇಲಿಟ್ಟು ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಮುಗಿಯಿತು. ಬಟ್ಟಲಿನ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ಇರುವ ಊರಿನಲ್ಲಿ ಇದನ್ನು ಮರೆಯುವಂತಿಲ್ಲ.

ಜಿರಲೆಯ ವಿಷಯದಲ್ಲಿ ಡಬ್ಬಕ್ಕಿಂತ ಅದರ ಸುತ್ತಲಿನ ಜಾಗ ನೋಡಬೇಕು. ಒಣದ್ದು ಬೇಕೆಂದು ಡಬ್ಬದ ಪಕ್ಕ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳೇ ಎಷ್ಟೋ ಮನೆಗಳಲ್ಲಿ ಜಿರಲೆಯ ವಾಸಸ್ಥಾನ. ರಟ್ಟಿನ ಅಲೆಅಲೆಯಾದ ಸಂದಿಯಲ್ಲಿ ಅವು ಹಗಲು ಕಳೆಯುತ್ತವೆ, ಮೊಟ್ಟೆಯ ಚೀಲಗಳನ್ನೂ ಅಲ್ಲೇ ಅಂಟಿಸುತ್ತವೆ. ರಟ್ಟನ್ನು ಹರಿದು, ಮುಚ್ಚಳವಿರುವ ಬಕೆಟ್ಟಿನಲ್ಲಿ ಇಡಿ. ರಾತ್ರಿ ಡಬ್ಬವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಹೊರಮೈ ಒರೆಸಿ. ಬೋರಿಕ್ ಪೌಡರ್ ಉಂಡೆ ಇಡುವುದಾದರೆ ಮಕ್ಕಳ, ನಾಯಿ ಬೆಕ್ಕಿನ ಕೈಗೆ ಸಿಗದ ಕಡೆ ಇಡಿ. ಗೊಬ್ಬರದ ಹತ್ತಿರವೂ ಬೇಡ, ಬೋರಾನ್ ಜಾಸ್ತಿಯಾದರೆ ಗಿಡದ ಎಲೆ ಅಂಚು ಸುಡುತ್ತದೆ.

ಇಲಿ, ಹೆಗ್ಗಣ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಇಲಿ ಓಡಾಡಿದ ಡಬ್ಬಕ್ಕೆ ಬರಿಗೈ ಹಾಕಬೇಡಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ, ಕೈಕಾಲಿನಲ್ಲಿ ಗಾಯವಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ.

ಯಾವುದು ಬಂದಿದೆ ಎಂದು ಹಿಕ್ಕೆ ಹೇಳುತ್ತದೆ. ಅಕ್ಕಿ ಕಾಳಿನಷ್ಟು ಇದ್ದರೆ ಸುಂಡಿಲಿ ಗಾತ್ರದ್ದು. ಒಂದು ಸೆಂಟಿಮೀಟರಿಗಿಂತ ಉದ್ದ ಇದ್ದರೆ ದೊಡ್ಡ ಇಲಿ ಅಥವಾ ಹೆಗ್ಗಣ. ನೆಲದಲ್ಲಿ ಬಿಲ, ಬಿಲದ ಬಾಯಲ್ಲಿ ಹೊಸ ಮಣ್ಣಿನ ರಾಶಿ ಕಂಡರೆ ಹೆಗ್ಗಣವೇ. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಆದ್ದರಿಂದ ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ಜಾಲರಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದರ ಕಣ್ಣು ದೊಡ್ಡದು, ತಂತಿ ತೆಳು. 6 ಮಿಲಿಮೀಟರ್ ಕಣ್ಣಿನ ವೆಲ್ಡ್ ಮೆಷ್ ಕೇಳಿ ತನ್ನಿ. ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೆ, ಗಾಳಿ ತೂತುಗಳಿಗೆ ಹೊರಗಿನಿಂದ ಬಿಗಿಯಿರಿ. ಮುಚ್ಚಳ ಹಾರದಂತೆ ರಬ್ಬರ್ ಪಟ್ಟಿ ಅಥವಾ ಇಟ್ಟಿಗೆ. ನೆಲಮಹಡಿಯವರು ಡಬ್ಬವನ್ನು ಮಣ್ಣಿನ ಮೇಲೆ ನೇರ ಇಡದೆ ಕಲ್ಲುಚಪ್ಪಡಿಯ ಮೇಲಿಡಿ, ಹೆಗ್ಗಣ ಕೆಳಗಿನಿಂದ ಕೊರೆಯುತ್ತದೆ.

ಆಹಾರದ ಕಡೆಯೂ ನೋಡಿ. ಹಸಿ ಸಿಪ್ಪೆಗಿಂತ ಬೇಯಿಸಿದ ಅನ್ನ, ಎಣ್ಣೆಯ ಪಲ್ಯ, ಮೀನಿನ ಮುಳ್ಳು, ಮೂಳೆ, ಮೊಟ್ಟೆಯ ಒಳಗಿನ ಅಂಟು ಇಲಿಗಳನ್ನು ದೂರದಿಂದ ಕರೆಯುತ್ತವೆ. ಇಲಿಯ ಸುಳಿವು ಇರುವ ಮನೆಗಳಲ್ಲಿ ಮಾಂಸ ಮೀನಿನ ಕಸವನ್ನು ಆಟೋಗೆ ಕೊಡುವುದೇ ಸರಿ. ಅನ್ನ ಹಾಕಲೇಬೇಕಿದ್ದರೆ ನಡುವೆ ಗುಂಡಿ ತೋಡಿ ಒಣ ಪುಡಿಯೊಡನೆ ಕಲಸಿ ಮುಚ್ಚಿ. ಇಲಿ ಪಾಷಾಣ ಬೇಡ. ವಿಷ ತಿಂದ ಇಲಿಯನ್ನು ಬೀದಿನಾಯಿ, ಬೆಕ್ಕು, ಗೂಬೆ ತಿನ್ನುತ್ತವೆ, ಅವೂ ಸಾಯುತ್ತವೆ. ಇಲಿಗಳನ್ನು ತಿಂದು ಹತೋಟಿಯಲ್ಲಿಡುವ ಜೀವಿಗಳೇ ಇವು.

ಮನೆಯೊಳಗೆ ಎಲ್ಲ ಸರಿ ಇದ್ದೂ ಹೆಗ್ಗಣ ನಿಲ್ಲದಿದ್ದರೆ ಬೀದಿಯ ತಿರುವಿಗೆ ಹೋಗಿ ನೋಡಿ. ರಾತ್ರಿ ಕಸ ಎಸೆಯುವ ಜಾಗ, ಆಯುಧಪೂಜೆಯ ಮರುದಿನ ರಸ್ತೆಯಲ್ಲಿ ಒಡೆದು ಬಿಟ್ಟ ಬೂದುಗುಂಬಳ, ಹೋಟೆಲಿನ ಹಿಂದಿನ ತೆರೆದ ಚರಂಡಿ ಇವು ಸುತ್ತಲಿನ ಮನೆಗಳಿಗೆಲ್ಲ ಇಲಿ, ನೊಣ ಹಂಚುತ್ತವೆ. ಅಂಥ ಜಾಗವನ್ನು ಒಬ್ಬರೇ ಸರಿಮಾಡಲಾಗದು, ಬೀದಿಯವರು ಕೂಡಿ ವಾರ್ಡ್ ಕಚೇರಿಗೆ ಬರೆದು ಕೊಡಬೇಕು. ನಮ್ಮ ಕಸ ಎಲ್ಲೋ ಹೋಗಿ ಬಿದ್ದರೆ ಮುಗಿಯಿತು ಎಂದು ನಗರ ನಂಬಿದ್ದ ಕಾಲದಲ್ಲಿ ಆ ನೊಣ, ಆ ನಾತ ಎಲ್ಲ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನಂಥ ಹಳ್ಳಿಗಳ ಮನೆಯೊಳಗಿತ್ತು. ಅಲ್ಲಿಯ ಜನ ಬೀದಿಗಿಳಿದ ಮೇಲೆಯೇ 2014ರ ಕೊನೆಗೆ ಅಲ್ಲಿಗೆ ಲಾರಿಗಳು ನಿಂತದ್ದು.

ಏನು ಮಾಡಿದರೂ ಹತೋಟಿಗೆ ಬಾರದಿದ್ದರೆ

ಡಬ್ಬ ಪೂರ್ತಿ ಖಾಲಿ ಮಾಡಿ. ಟೆರೇಸಿನಲ್ಲಿ ಹಳೆಯ ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಒಂದು ದಿನ ಪೂರ್ತಿ ಬಿಸಿಲು ಬೀಳಲಿ. ಮರಿಹುಳುಗಳು ಬಿಸಿಲಿಗೆ ನಿಲ್ಲುವುದಿಲ್ಲ. ಮೈನಾ, ಕಾಗೆಗಳು ಉಳಿದದ್ದನ್ನು ಹೆಕ್ಕುತ್ತವೆ. ಮಳೆಗಾಲವಾದರೆ ಸೂರಿನ ಕೆಳಗೆ ಹರಡಿ ಒಣ ಎಲೆಪುಡಿ ಕಲಸಿಡಿ. ಅಷ್ಟರಲ್ಲಿ ಡಬ್ಬ ತೊಳೆದು, ತೂತುಗಳಲ್ಲಿ ಸಿಕ್ಕಿದ ಕಸ ಕಡ್ಡಿಯಿಂದ ತೆಗೆದು, ಒಣಗಿಸಿ. ಮತ್ತೆ ತುಂಬುವಾಗ ತಳಕ್ಕೆ ತೆಂಗಿನ ನಾರು ಅಥವಾ ಸಣ್ಣ ಕಡ್ಡಿಗಳ ಪದರ, ಅದರ ಮೇಲೆ ಎರಡು ಹಿಡಿ ಹಳೆಯ ಗೊಬ್ಬರ, ಅದರ ಮೇಲೆ ಬಿಸಿಲಿಗೆ ಹರಡಿದ್ದು, ಕೊನೆಗೆ ಎಲೆಯ ಮುಚ್ಚಿಗೆ. ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಒಂದು ಲೋಟದಷ್ಟು ಚಿಮುಕಿಸಬಹುದು, ತೇವ ಕಡಿಮೆ ಇದ್ದರೆ ಮಾತ್ರ. ಮೊದಲ ವಾರ ಅರ್ಧದಷ್ಟು ಕಸವನ್ನೇ ಇದಕ್ಕೆ ಹಾಕಿ, ಉಳಿದದ್ದನ್ನು ಆಟೋಗೆ ಕೊಡಿ. ನಾಲ್ಕು ದಿನವಾದ ಮೇಲೆ ನಡುವಿಗೆ ಕೈ ಇಟ್ಟು ನೋಡಿ: ಬೆಚ್ಚಗಿದ್ದು, ಹಿಂಡಿದರೆ ಒಂದೆರಡು ಹನಿ ಬಂದರೆ ಪೂರ್ತಿ ಕಸ ಹಾಕಲು ಶುರುಮಾಡಬಹುದು.